ಅಟ್ಟದ ಮೇಲಿನ ಪಚ್ಚೆ ಬಳಗ

ಮೇಷ್ಟ್ರ ಅಂಗಿಗಳ ಎಡಜೇಬಿನ ತಳದಲ್ಲಿ ಎರಡೆರಡು ತೂತುಗಳಿರುತ್ತಿದ್ದವು. ಜಾಮಿಟ್ರಿ ಪೆಟ್ಟಿಗೆಯ ಡಿವೈಡರನ್ನು ಅವರು ಅಲ್ಲೇ ಇಟ್ಟುಕೊಳ್ಳುತ್ತಿದ್ದುದು. ಅದರ ಮೊನೆಗಳು ಬಟ್ಟೆ ದಾಟಿ ಚುಚ್ಚಿ ಚುಚ್ಚಿ, ಬರೀ ಮೈಯಲ್ಲಿ ಕೂತಾಗ ಅವರ ಎದೆಯ ಮೇಲೆ ಕಪ್ಪು ಚುಕ್ಕೆಗಳು ಕಾಣುತ್ತಿದ್ದವು. "ಮೊನೆಗೆ ಒಂದ್ ರಬ್ಬರ್ ಸಿಕ್ಕಿಸ್ಕೊಳ್ಳಿ ಸಾರ್," ಎಂದು ಎಷ್ಟು ಸಲ ಹೇಳಿದ್ದೆನೋ. "ಅದನ್ನ ತೆಗೆಯೋದು ಹಾಕೋದು ಯಾರ್ ಮಾಡ್ತಾರೆ, ಬುಡು," ಅನ್ನುತ್ತಿದ್ದರು.

ಹೊನ್ನವಳ್ಳಿಯ ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಹೇಳಿಕೊಟ್ಟವರು ಅವರು. ನಾನು ಈಗ ತಿಪಟೂರಿನಲ್ಲಿ ಜೆರಾಕ್ಸ್, ಟೈಪಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಬಿ.ಎಸ್ಸಿ. ಓದಿದ್ದು ಅವರ ಕಾಟಕ್ಕೆ. ಪಿಯುಸಿ ಮುಗಿಯುತ್ತಲೇ ಮದುವೆ ಎಂದು ನಮ್ಮಪ್ಪ ಹಟ ಹಿಡಿದಾಗ, ಮೇಷ್ಟ್ರು ಮೂರು ಸಂಜೆ ನಮ್ಮ ಜಗಲಿಯ ಮೇಲೆ ಬಂದು ಕೂತರು. ವಾದ ಮಾಡಲಿಲ್ಲ, ಬೈಯಲಿಲ್ಲ. ಸುಮ್ಮನೆ ಕೂತು ಕಾಫಿ ಕುಡಿದು ಹೋಗುತ್ತಿದ್ದರು. ಮೂರನೆಯ ಸಂಜೆ ನಮ್ಮಪ್ಪನೇ, "ಆಯ್ತು ಮೇಷ್ಟ್ರೇ, ಓದಿಸ್ತೀನಿ, ನೀವು ಮನೆಗೋಗಿ," ಎಂದರು.

ಒಂದು ದಿನ ತರಗತಿಯ ಕಿಟಕಿಯಾಚೆ, ಬಾಳೆ ಹೂವಿನ ಮುಂದೆ ಪುಟ್ಟ ಹಕ್ಕಿಯೊಂದು ಪಟಪಟ ರೆಕ್ಕೆ ಬಡಿಯುತ್ತಿತ್ತು. ದೊಡ್ಡ ಜಾಣೆಯ ಹಾಗೆ ಎದ್ದು ನಿಂತು, "ಸಾರ್, ಹಮ್ಮಿಂಗ್ ಬರ್ಡು," ಎಂದೆ.

"ಕೂತ್ಕೊ. ಅದು ಸೂರಕ್ಕಿ. ನೋಡೋಕೆ ಹಂಗೇ ಐತೆ ಅಂದ್ರೆ ನೆಂಟರಾಗ್ಬುಡ್ತಾರೇನೇ?" ಎಂದರು.

ಅವತ್ತು ಸಂಜೆ ಇಡೀ ತರಗತಿಯನ್ನು ಕೆರೆ ಏರಿಗೆ ಹೊರಡಿಸಿದರು. ತಲೆಯ ಮೇಲೆ ಬಾನಾಡಿಗಳು, ಇಂಗ್ಲಿಷಿನಲ್ಲಿ ಸ್ವಿಫ್ಟ್ ಅನ್ನುವವು, ಕುಡುಗೋಲಿನಂಥ ರೆಕ್ಕೆ ಚಾಚಿಕೊಂಡು ಸುತ್ತುತ್ತಿದ್ದವು. ಕಪ್ಪು ಬಣ್ಣ, ಕೊಕ್ಕು ಇದೆಯೋ ಇಲ್ಲವೋ ಅನ್ನುವಷ್ಟು ಮೋಟು, ಹೂವಿನ ಕಡೆ ತಿರುಗಿಯೂ ನೋಡದ ಹಕ್ಕಿಗಳು. "ಹಮ್ಮಿಂಗ್ ಬರ್ಡಿಗೆ ಹತ್ತಿರದ ನೆಂಟರು ಇವು. ಬಣ್ಣ ನೋಡ್ಬೇಡಿ, ಕೊಕ್ಕು ನೋಡ್ಬೇಡಿ. ರೆಕ್ಕೆ ಒಳಗಿನ ಮೂಳೆ ನೋಡ್ಬೇಕು," ಎಂದರು. ನಮಗೆ ನಗು ಬಂತು. ಅವರು ನಗಲಿಲ್ಲ.

ಅವರು ಹಮ್ಮಿಂಗ್ ಬರ್ಡನ್ನು ಒಮ್ಮೆಯೂ ಕಂಡವರಲ್ಲ. ಅದು ಇರುವುದೇ ಅಮೆರಿಕ ಖಂಡಗಳಲ್ಲಿ. ಮೇಷ್ಟ್ರು ಬೆಂಗಳೂರು ದಾಟಿದ್ದೂ ಕಡಿಮೆ. ಆದರೂ ಆ ಹಕ್ಕಿಗಳಲ್ಲಿ ಒಂದು ದೊಡ್ಡ ಗುಂಪನ್ನು, ಹಸಿರು ಮಿಂಚುವ ಪುಟಾಣಿಗಳನ್ನು, ಅವರು ತಮ್ಮವೇ ಅಂದುಕೊಂಡಿದ್ದರು. ‘ಪಚ್ಚೆ ಬಳಗ’ ಎಂದು ಹೆಸರಿಟ್ಟಿದ್ದರು. ಹಳೇ ಪುಸ್ತಕದಂಗಡಿಗಳಿಂದ ಚಿತ್ರದ ಪುಸ್ತಕಗಳನ್ನು ಹೊತ್ತು ತಂದು, ಒಂದೊಂದು ಚಿತ್ರದ ಮೇಲೂ ಡಿವೈಡರ್ ಇಟ್ಟು ಕೊಕ್ಕು, ಬಾಲ, ರೆಕ್ಕೆ ಅಳೆದರು. ಯಾರು ಯಾರ ಅಣ್ಣ, ಯಾರು ಯಾರ ದಾಯಾದಿ ಎಂದು ಹಳೇ ಕ್ಯಾಲೆಂಡರಿನ ಹಾಳೆಗಳನ್ನು ಅಂಚಿಗೆ ಅಂಚು ಅಂಟಿಸಿ, ಅವುಗಳ ಬೆನ್ನ ಮೇಲೆ ಒಂದು ವಂಶವೃಕ್ಷ ಬರೆದರು. ಕೆಂಪು ಕೊಕ್ಕಿನವು ಒಂದು ಕೊಂಬೆ, ತಾಮ್ರದ ಬಣ್ಣದ ಬಾಲದವು ಇನ್ನೊಂದು. ಅದನ್ನೆಲ್ಲ ವಿವರಿಸಿ ಕೈಬರಹದಲ್ಲಿ ಒಂದು ಪುಸ್ತಕವನ್ನೂ ಬರೆದರು. "ಮೂಳೆ ನೋಡ್ಬೇಕು ಅಂತಿದ್ರಲ್ಲ ಸಾರ್," ಎಂದು ಒಮ್ಮೆ ಕೇಳಿದೆ. "ನೋಡ್ಬೇಕು ಕಣಮ್ಮ. ಹೊನ್ನವಳ್ಳೀಲಿ ಎಲ್ಲಿಂದ ತರ್ಲಿ," ಎಂದರು.

ಕೆಲಸ ಮುಗಿದಾಗ ಅವರು ಅದನ್ನು ಯಾರಿಗೂ ಕಳಿಸಲಿಲ್ಲ. ಪಂಚೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಬೇರೆಯವರಿಗೆ ಹೇಳಬೇಕು. ಉಂಡೆ ಕೊಬ್ಬರಿ ಮಾಡುವವರು ತೆಂಗಿನಕಾಯನ್ನು ಅಟ್ಟದಲ್ಲಿ ಹರಡಿ ಹೆಚ್ಚುಕಡಿಮೆ ಒಂದು ವರ್ಷ ಬಿಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಕಿವಿಯ ಹತ್ತಿರ ಹಿಡಿದು ಕುಲುಕಿದರೆ ಗಡಗಡ ಅನ್ನಬೇಕು. ಅಲ್ಲಿಯವರೆಗೆ ಒಡೆಯುವಂತಿಲ್ಲ. ಮೇಷ್ಟ್ರು ಕೊಬ್ಬರಿ ಮನೆತನದವರು. ಪುಸ್ತಕಕ್ಕೂ ಅದೇ ಲೆಕ್ಕ ಹಿಡಿದರು. ವರ್ಷಕ್ಕೊಮ್ಮೆ ಅಟ್ಟದಿಂದ ಕಾಯಿ ಇಳಿಸುವಾಗ ಗಂಟು ಬಿಚ್ಚಿ, ನಾಲ್ಕು ಕಡೆ ತಿದ್ದಿ, "ಇನ್ನೂ ಹಸಿ," ಎಂದು ಮತ್ತೆ ಮೇಲಿಡುತ್ತಿದ್ದರು. ಅವರ ಮನೆಯವರು, ನಾನು ಅಮ್ಮ ಎಂದು ಕರೆಯುವವರು, "ಮೇಲಿಟ್ರೆ ಅದೇನ್ ಮರಿ ಹಾಕ್ತದಾ?" ಎಂದು ರೇಗಿಸುತ್ತಿದ್ದರು. ಹೀಗೆ ಹದಿನಾಲ್ಕು ವರ್ಷ ಹೋಯಿತು. ಅಟ್ಟದ ಕೆಳಗೆ ಪ್ರಪಂಚ ಕಾದು ಕೂತಿರುವುದಿಲ್ಲ ಎಂದು ಹೇಳುವವರು ಯಾರೂ ಇರಲಿಲ್ಲ.

ನಿವೃತ್ತಿಯಾದ ಮೇಲೆ ಒಂದು ಬೆಳಿಗ್ಗೆ ಗಂಟು ಹೊತ್ತುಕೊಂಡು ನನ್ನ ಅಂಗಡಿಗೆ ಬಂದರು. "ಈಗ ಗಡಗಡ ಅಂತೈತೆ ಕಣಮ್ಮ. ಟೈಪ್ ಮಾಡು," ಎಂದರು. ದಿನಾ ಹತ್ತು ಗಂಟೆಯ ಬಸ್ಸಿಗೆ ಬಂದು, ಸ್ಟೂಲಿನ ಮೇಲೆ ಕೂತು, ನಾನು ಟೈಪು ಮಾಡುವುದನ್ನು ನೋಡುತ್ತಿದ್ದರು. ಅಷ್ಟು ಖುಷಿಯಾಗಿದ್ದ ಮೇಷ್ಟ್ರನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಒಂದು ಹಕ್ಕಿಯ ಚಿತ್ರ ಹುಡುಕಲು ಇಂಟರ್‌ನೆಟ್ ತೆರೆದೆ. ಅಲ್ಲಿ ಪಚ್ಚೆ ಬಳಗದ ಇನ್ನೊಂದು ವಂಶವೃಕ್ಷ ಇತ್ತು, ಹಕ್ಕಿಗಳ ಜೀನ್ ಓದಿ ಮಾಡಿದ್ದು. ಮೇಷ್ಟ್ರ ಕೆಂಪು ಕೊಕ್ಕಿನ ಕೊಂಬೆ ಅದರಲ್ಲಿ ಇರಲೇ ಇಲ್ಲ. ಅವರು ಅಣ್ಣತಮ್ಮಂದಿರೆಂದು ಕೂರಿಸಿದವು ಒಂದೊಂದು ಮೂಲೆಯಲ್ಲಿ ಚದುರಿಹೋಗಿದ್ದವು. ಇನ್ನೂ ನಾಲ್ಕೈದು ಕಡೆ ನೋಡಿದೆ. ಎಲ್ಲ ಕಡೆಯೂ ಅದೇ.

"ಸಿಕ್ತಾ?" ಎಂದರು, ಟೀ ಲೋಟ ಹಿಡಿದುಕೊಂಡು.

"ನೆಟ್ ಬತ್ತಿಲ್ಲ ಸಾರ್," ಎಂದು ಮುಚ್ಚಿದೆ.

ಆಗಲೇ ಹೇಳಬಹುದಿತ್ತು. ಮಾರನೆಯ ದಿನ ಹೇಳಬಹುದಿತ್ತು. ಇಡೀ ಒಂದು ತಿಂಗಳು ಅವರು ನನ್ನ ಪಕ್ಕದಲ್ಲೇ ಕೂತಿದ್ದರು. ಯಾರು ಓದುತ್ತಾರೆ ಇದನ್ನ, ಹತ್ತು ಪ್ರತಿ ತೆಗೆದು ಹಂಚಿಕೊಂಡು ಸಂತೋಷಪಡಲಿ ಬಿಡು ಎಂದು ನನಗೆ ನಾನೇ ಹೇಳಿಕೊಂಡೆ. ಅದನ್ನು ಕರುಣೆ ಅಂದುಕೊಂಡಿದ್ದೆ. ಹೇಡಿತನ ಅದು.

ತುಮಕೂರಿನ ಒಂದು ಕಾಲೇಜಿನಲ್ಲಿ ಹಕ್ಕಿ ನೋಡುವವರ ಸಭೆ ಇತ್ತು. ಮೇಷ್ಟ್ರಿಗೂ ಹತ್ತು ನಿಮಿಷ ಕೊಟ್ಟಿದ್ದರು. ನಾನೂ ಜೊತೆಗೆ ಹೋದೆ. ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಗೋಡೆಗೆ ವಂಶವೃಕ್ಷ ತೂಗುಹಾಕಿ, ತರಗತಿಯಲ್ಲಿ ಹೇಳುತ್ತಿದ್ದ ಹಾಗೇ ನಿಧಾನವಾಗಿ ಹೇಳಿದರು. ಚಪ್ಪಾಳೆಯೂ ಬಿತ್ತು. ಆಮೇಲೆ ಸಂಶೋಧನೆ ಮಾಡುತ್ತಿದ್ದ ಹುಡುಗಿಯೊಬ್ಬಳು ಎದ್ದಳು. ಬಹಳ ಮರ್ಯಾದೆಯಿಂದಲೇ ಮಾತಾಡಿದಳು.

"ಸರ್, ಜೀನ್ ನೋಡಿದ ಮೇಲೆ ಇದೆಲ್ಲ ಬದಲಾಗಿದೆ. ಕೆಂಪು ಕೊಕ್ಕು ಬೇರೆ ಬೇರೆ ಮನೆತನಗಳಲ್ಲಿ ತಾನಾಗಿ ಬಂದಿದೆ. ನೋಡೋಕೆ ಒಂದೇ ಥರ ಇರೋದ್ರಿಂದ ನೆಂಟರು ಅನ್ನೋ ಹಾಗಿಲ್ಲ."

ನಾನು ತಲೆ ಎತ್ತಲಿಲ್ಲ. "ಇದು ಗೊತ್ತಾಗಿ ಎಷ್ಟ್ ದಿನ ಆಯ್ತಮ್ಮ?" ಎಂದು ಮೇಷ್ಟ್ರು ಕೇಳಿದ್ದು ಮಾತ್ರ ಕೇಳಿಸಿತು.

"ತುಂಬಾ ವರ್ಷ ಆಯ್ತು ಸರ್."

ಅವರು ಅವಳಿಗೆ ಕೈಮುಗಿದು, ಹಾಳೆ ಸುತ್ತಿಕೊಂಡು ಕೆಳಗಿಳಿದರು.

ಬಸ್ಸು ಗುಬ್ಬಿ ದಾಟಿತು. ಆಮೇಲೆ ಮೆಲ್ಲಗೆ ಕೇಳಿದರು: "ನಿಂಗೆ ಗೊತ್ತಿತ್ತೇನಮ್ಮ?"

"ಇಲ್ಲ ಸಾರ್."

"ಹೂಂ. ಗೊತ್ತಿದ್ದಿದ್ರೆ ನೀನು ಹೇಳ್ತಿದ್ದೆ," ಎಂದರು. ತಿಪಟೂರು ಬರುವವರೆಗೂ ನಾನು ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

ಆಮೇಲೆ ಅವರು ನನ್ನ ಅಂಗಡಿಗೆ ಬರಲಿಲ್ಲ. ನಾನೇ ಎರಡು ಸಲ ಹೊನ್ನವಳ್ಳಿಗೆ ಹೋದೆ. ಎರಡನೆಯ ಸಲ ಮಂಚದ ಮೇಲೆ ಮಲಗಿದ್ದರು, ಊಟ ಬಿಟ್ಟಿದ್ದರು. "ಅಳತೆ ಒಂದೂ ತಪ್ಪಿರ್ಲಿಲ್ಲ ಕಣಮ್ಮ," ಎಂದರು. ಹೇಳಿಬಿಡಬೇಕು ಎಂದೇ ಹೋಗಿದ್ದವಳು ಮೂಸಂಬಿ ಕೊಟ್ಟು ವಾಪಸ್ಸು ಬಂದೆ. ಮಳೆಗಾಲ ಮುಗಿಯುವ ಮುಂಚೆ ಮೇಷ್ಟ್ರು ಹೋದರು.

ಶಿವಗಣಾರಾಧನೆಯ ಕಾರ್ಡು ಮಾಡಿಸಲು ಅಮ್ಮ ನನ್ನ ಅಂಗಡಿಗೇ ಬಂದರು. ಅದೇ ಸ್ಟೂಲಿನ ಮೇಲೆ ಕೂತು, ಫೋಟೋ ಯಾವುದು, ದಿನ ಯಾವುದು ಎಂದೆಲ್ಲ ಹೇಳಿದರು. ನಾನು ಟೈಪು ಮಾಡುತ್ತಿದ್ದೆ.

"ಕೊನೆ ಕೊನೇಲಿ ನಿಂದೇ ಮಾತು ಕಣವ್ವ ಅವರಿಗೆ," ಎಂದರು.

"ಏನಂತಿದ್ರಮ್ಮ?"

"‘ಇಲ್ಲ ಅನ್ನೋವಾಗ ಕಿಟಕಿ ಕಡೆ ನೋಡಿದ್ಲು ಕಣೇ, ಅವಳಿಗೆ ಗೊತ್ತಿತ್ತು. ನಾನು ಬಸ್ಸಲ್ಲಿ ಕೇಳ್ಬಾರ್ದಾಗಿತ್ತು. ಪಾಪ, ಆ ಮಗು ಕೈಲಿ ಸುಳ್ಳು ಹೇಳಿಸ್ಬುಟ್ಟೆ,’ ಅಂತ ಒಂದೇ ಸಮ ಕೊರಗೋರು. ಹೌದೇನವ್ವ, ಗೊತ್ತಿತ್ತಾ ನಿಂಗೆ?"

"ಹೂಂ ಅಮ್ಮ. ಗೊತ್ತಿತ್ತು."

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, "ಅವರಿದ್ದಾಗ ಹೇಳ್ಬೇಕಿತ್ತು ಕಣವ್ವ," ಎಂದರು.