ಅಚೀವ್ ಮಾಡಿದ ಕಾವಲುಗಾರ

ಇಂಗ್ಲಿಷ್ ಭಾಷೆಯಲ್ಲಿ ನನಗೆ ಬಲು ಪ್ರಿಯವಾಗಿದ್ದ ಕ್ರಿಯಾಪದ ‘ಅಚೀವ್’. ಆಗಿತ್ತು ಅಷ್ಟೆ, ಈಗ ನಾನು ಅದರ ಗೊಡವೆಗೆ ಹೋಗುವುದಿಲ್ಲ. ಹಿರಿಯೂರಿನ ಸ್ಕೂಲಿನಲ್ಲಿ ವರ್ಷಗಟ್ಟಲೆ ಇಂಗ್ಲಿಷ್ ಮೇಷ್ಟರಾಗಿದ್ದವನು ಒಂದು ಕ್ರಿಯಾಪದಕ್ಕೆ ಹೆದರುತ್ತಾನೆಂದರೆ ನಿಮಗೆ ನಗು ಬರಬಹುದು. ಧಾರಾಳವಾಗಿ ನಗಿ. ಆಗ ಊರೇ ನಕ್ಕಿದೆ.

ಚಿತ್ರದುರ್ಗದಲ್ಲಿ ನನಗೆ ಇಂಗ್ಲಿಷ್ ಕಲಿಸಿದ ಗುರುಗಳದ್ದು ಒಂದು ಕಟ್ಟಳೆಯಿತ್ತು. ಒಂದೇ ಪುಟದಲ್ಲಿ ಒಂದೇ ಕ್ರಿಯಾಪದ ಎರಡು ಸಲ ಬರಕೂಡದು. ಬಂದರೆ ಬೆರಳ ಗೆಣ್ಣಿನ ಮೇಲೆ ರೂಲುದೊಣ್ಣೆ. ಆ ಭಯದಿಂದ ನಾನು ಒಂದೊಂದು ಪದಕ್ಕೂ ಮೂರು ನಾಲ್ಕು ಸಮಾನಾರ್ಥಕಗಳನ್ನು ಕಂಠಪಾಠ ಮಾಡಿಕೊಂಡಿದ್ದೆ. ಮೇಷ್ಟರಾದ ಮೇಲೂ ಚಾಳಿ ಬಿಡಲಿಲ್ಲ. ಬೆಳಿಗ್ಗೆ ಎದ್ದು ಬಾವಿಯ ಹತ್ತಿರ ಹಲ್ಲುಜ್ಜುತ್ತ ‘ಅಚೀವ್, ಅಕಾಂಪ್ಲಿಷ್, ಅಟೇನ್’ ಎಂದು ಪಠಿಸುತ್ತಿದ್ದರೆ ನನ್ನ ಹೆಂಡತಿ ಒಳಗಿನಿಂದ, “ಬೆಳಗಾಗೆದ್ದು ಯಾರಿಗೆ ಬೈತಾ ಇದೀರ್ರಿ?” ಎಂದು ಕೇಳುತ್ತಿದ್ದಳು. ನಿಘಂಟಿನಲ್ಲಿ ಈ ಮೂರು ಪದಗಳ ಎದುರಿಗೂ ಒಂದೇ ಕನ್ನಡ ಪದವಿತ್ತು: ಸಾಧಿಸು. ಅವರಿಗೆ ಮೂರು, ನಮಗೆ ಒಂದೇ! ನಮ್ಮ ಭಾಷೆ ಎಷ್ಟು ಬಡವೆಂದು ನಾನು ಮರುಗುತ್ತಿದ್ದೆ.

ಇಂಗ್ಲಿಷ್ ಬಲ್ಲವರು ಆಗ ಊರಿನಲ್ಲಿ ಬೆರಳೆಣಿಕೆ. ಹೀಗಾಗಿ ಅರ್ಜಿ ಬರೆಸಲು ಜನ ನನ್ನ ಜಗಲಿಗೆ ಬರುತ್ತಿದ್ದರು. ನಾನು ಕಾಸು ಮುಟ್ಟುತ್ತಿರಲಿಲ್ಲ. ಬರೆದದ್ದನ್ನು ಗಟ್ಟಿಯಾಗಿ ಓದುವಾಗ ಅವರು ಅರ್ಥವಾಗದೆ ತಲೆದೂಗುತ್ತಿದ್ದರಲ್ಲ, ಆ ಸಂಭಾವನೆಯೇ ನನಗೆ ಸಾಕಾಗಿತ್ತು. ಹಾಗೆ ಒಂದು ದಿನ ಯಲ್ಲದಕೆರೆ ಕಡೆಯಿಂದ ಕರಿಯಮ್ಮ ಎಂಬಾಕೆ ಬಂದಳು. ಕುರಿ ಸಾಕುವ ಮನೆಯ ಹೆಂಗಸು. ಹೆಗಲ ಮೇಲಿನ ಕಂಬಳಿಯನ್ನು ತೆಗೆದು ಹಾಸಿಕೊಂಡು ಕುಳಿತಳು.

“ಕಾವಲುಗಾರ ನನ್ನ ಸಾಧಿಸ್ತಾ ಅವ್ನೆ ಮೇಷ್ಟ್ರೇ. ಹೋದ್ವರ್ಷ ಹಬ್ಬಕ್ಕೊಂದು ಮರಿ ಕೇಳ್ದ, ಕೊಡ್ಲಿಲ್ಲ. ಅವತ್ತಿಂದ ಕಟ್ಟೆ ದಾರಿಗೆ ಮುಳ್ಳು ಬಡ್ದವ್ನೆ. ನೀರಿಗೆ ಎರಡು ಹರದಾರಿ ಸುತ್ತಾಕ್ಕೊಂಡು ಹೋಗ್ಬೇಕು. ಎಳೆ ಮರಿಗಳು ದಾರ್ಯಾಗೇ ಬಿದ್ದೋಗ್ತಾವೆ. ಎರಡನ್ನ ಹೂತು ಬಂದೀನಿ.”

ಅವನು ಸರ್ಕಾರಿ ಹುಲ್ಲುಗಾವಲಿನ ಕಾವಲುಗಾರ; ಅವನ ಮೇಲಧಿಕಾರಿ ಚಿತ್ರದುರ್ಗದ ಸಾಹೇಬರು. ಕಟ್ಟೆ ಇದ್ದದ್ದು ಹುಲ್ಲುಗಾವಲಿನ ಆಚೆ ಬದಿಯಲ್ಲಿ. ಕೂಡಲೇ ಲೇಖನಿ ಹಿಡಿದೆ. ‘ಸಾಧಿಸ್ತಾ ಅವ್ನೆ’ ಎಂದಳಲ್ಲ, ಅದರ ಇಂಗ್ಲಿಷ್ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ‘ಕಾವಲುಗಾರನು ಅರ್ಜಿದಾರಳನ್ನು ಒಂದು ವರ್ಷದಿಂದ ಅಚೀವ್ ಮಾಡುತ್ತಿದ್ದಾನೆ’ ಎಂದು ಇಂಗ್ಲಿಷಿನಲ್ಲಿ ಬರೆದೆ. ಮುಂದಿನ ವಾಕ್ಯದಲ್ಲಿ ಗುರುಗಳ ದೊಣ್ಣೆ ನೆನಪಾಗಿ ‘ಅಕಾಂಪ್ಲಿಷ್’ ಹಾಕಿದೆ. ಕೊನೆಗೆ, ಅವನು ಹಗಲಿರುಳು ‘ಅಟೇನ್’ ಮಾಡುತ್ತಿರುವುದರಿಂದ ಸಾಹೇಬರು ಗಮನಿಸಬೇಕು ಎಂದು ಮುಗಿಸಿದೆ. ಮುಳ್ಳು, ಕಟ್ಟೆ, ಮರಿ ಇವೆಲ್ಲ ಇಂಗ್ಲಿಷಿಗೆ ತೀರ ಹಳ್ಳಿಗಾಡಾಯಿತೆಂದು ಅರ್ಧ ಸಾಲಿನಲ್ಲಿ ಮುಟ್ಟಿಸಿ ಬಿಟ್ಟೆ.

ಸಾಹೇಬರು ಗಮನಿಸಿದರು. ಹದಿನೈದು ದಿನಕ್ಕೆ ಚಿತ್ರದುರ್ಗದಿಂದ ಉತ್ತರ ಬಂತು: ಕಾವಲುಗಾರನ ಕೆಲಸ ಮೆಚ್ಚತಕ್ಕದ್ದು, ಹೀಗೆಯೇ ಮುಂದುವರಿಸತಕ್ಕದ್ದು.

ಕರಿಯಮ್ಮ ಮತ್ತೆ ಬಂದಳು. ಈ ಸಲ ಕಂಬಳಿ ಹಾಸಲಿಲ್ಲ. “ಏನು ಬರ್ದ್ರಿ ಮೇಷ್ಟ್ರೇ? ಅವ್ನು ಮೀಸೆ ತಿರುವ್ಕೊಂಡು ಇನ್ನೊಂದು ಸಾಲು ಮುಳ್ಳು ಬಡ್ದ. ಮೂರನೇ ಮರೀನೂ ಹೋತು.”

ನಾನು ನಿಘಂಟು ತೆಗೆದೆ. ಇಂಗ್ಲಿಷಿನಿಂದ ಕನ್ನಡಕ್ಕೆ ಬರುವಾಗ ಸರಿಯಾಗಿದ್ದ ದಾರಿ ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ ಹಳ್ಳಕ್ಕೆ ಇಳಿದಿತ್ತು. ಋಷಿಗಳು ತಪಸ್ಸಿನಿಂದ ಪಡೆದದ್ದಕ್ಕೂ ಸಾಧಿಸುವುದು ಎನ್ನುತ್ತೇವೆ. ಅತ್ತೆ ಸೊಸೆಯನ್ನು ಒಂದೇ ಕಾರಣಕ್ಕೆ ದಿನಾ ಗೋಳಾಡಿಸುವುದಕ್ಕೂ ಸಾಧಿಸುವುದು ಎನ್ನುತ್ತೇವೆ. ಯೋಚಿಸಿದರೆ ಎರಡಕ್ಕೂ ಬೇಕಾದದ್ದು ಹಿಡಿದದ್ದನ್ನು ಬಿಡದ ಪಟ್ಟು. ನಿಜವಾಗಿ ಏನಾದರೂ ಕೈಗೂಡಿದಾಗ ನಮ್ಮ ಜನ ಆ ಪದವನ್ನೇ ಬಳಸುವುದಿಲ್ಲ. ಮನೆ ಕಟ್ಟಿ ಮುಗಿಸಿದವನು ‘ಅಂತೂ ಆಯ್ತು’ ಎನ್ನುತ್ತಾನೆ, ಮನೆ ತಾನೇ ಎದ್ದು ನಿಂತ ಹಾಗೆ. ಇದೆಲ್ಲ ನನಗೆ ಹೊಳೆದದ್ದು ಮೂರು ಮರಿ ಸತ್ತ ಮೇಲೆ. ನಾಚಿಕೆಯಿಂದ ಎರಡು ದಿನ ಊಟ ಸೇರಲಿಲ್ಲ.

ಮುಂದಿನ ತಿಂಗಳು ಸಾಹೇಬರು ಹಿರಿಯೂರಿಗೇ ಬಂದು ಬಿಡಾರ ಹೂಡಿದರು. ಮದರಾಸಿನ ಕಡೆಯವರು, ಕನ್ನಡ ಬಾರದು. ನಾನು ಕರಿಯಮ್ಮನನ್ನು ಕರೆದುಕೊಂಡು ಹೋಗಿ ನಿಂತೆ. ಈ ಸಲ ಗೋಳಾಡಿಸುವುದಕ್ಕೆಂದು ಹೊಸದಾಗಿ ಬಾಯಿಪಾಠ ಮಾಡಿಕೊಂಡಿದ್ದ ಕಠಿಣ ಇಂಗ್ಲಿಷ್ ಪದಗಳನ್ನು ಒಂದೊಂದಾಗಿ ಪ್ರಯೋಗಿಸಿದೆ. ಸಾಹೇಬರು ಹುಬ್ಬು ಗಂಟಿಕ್ಕಿದರು. ಇನ್ನೂ ನಾಲ್ಕು ಪದ ಹುಡುಕುತ್ತಿದ್ದಾಗ ಕರಿಯಮ್ಮನಿಗೆ ತಡೆಯಲಾಗಲಿಲ್ಲ. ನನ್ನನ್ನು ಪಕ್ಕಕ್ಕೆ ಸರಿಸಿ, “ಸಾಧಿಸ್ತಾನೆ ಸ್ವಾಮಿ! ನನ್ನ ಸಾಧಿಸ್ತಾನೆ!” ಎಂದಳು.

ಸಾಹೇಬರು ಕುರ್ಚಿಯಿಂದ ಅರ್ಧ ಎದ್ದರು. “ಓಹೋ, ಸಾಧಿಸ್ತುನ್ನಾಡಾ!”

ಅವರ ಮನೆಮಾತು ತೆಲುಗು. ಆ ಪದ ತೆಲುಗಿನಲ್ಲೂ ಇದೆ, ಅದೇ ಎರಡು ಮುಖಗಳೊಂದಿಗೆ ಇದೆ. ತಮ್ಮ ತಾಯಿ ಸೊಸೆಯನ್ನು ಹತ್ತು ವರ್ಷ ಹೀಗೆಯೇ ಸಾಧಿಸಿದರೆಂದೂ, ಕಾರಣ ಒಡೆದುಹೋದ ಒಂದು ತುಪ್ಪದ ಗಡಿಗೆಯೆಂದೂ ಅವರು ನನಗೆ ಇಂಗ್ಲಿಷಿನಲ್ಲಿ ಹೇಳಿದರು. ನಗುತ್ತ ಶುರು ಮಾಡಿದವರು ಮುಗಿಸುವಾಗ ನಗುತ್ತಿರಲಿಲ್ಲ. ಆ ಸಂಜೆಯೇ ಕಾವಲುಗಾರ ತನ್ನ ಕೈಯಾರೆ ಮುಳ್ಳು ಕಿತ್ತು ದಾರಿ ಬಿಟ್ಟುಕೊಟ್ಟ.

ಮನೆಗೆ ಬಂದು ಈ ಕಥೆಯನ್ನೆಲ್ಲ ಹೆಂಡತಿಗೆ ಹೇಳಿದೆ, ನನ್ನ ಪಾತ್ರವನ್ನು ಕೊಂಚ ದೊಡ್ಡದು ಮಾಡಿಯೇ. ಅವಳು ಅಕ್ಕಿ ಆರಿಸುತ್ತ ಕೇಳಿದಳು.

“ಹಂಗಾರೆ ನಂದೂ ಒಂದು ಅರ್ಜಿ ಬರ್ಕೊಡ್ರಿ.”

“ಯಾರ ಮೇಲೆ?”

“ಇಂಗ್ಲಿಷ್ ಮೇಷ್ಟ್ರ ಮೇಲೆ. ಗಾಡಿ ಅಚ್ಚು ಮುರ್ದು ತವರಿಂದ ಎರಡು ದಿನ ತಡ ಆಗಿದ್ದಕ್ಕೆ ಮೂರು ವರ್ಷದಿಂದ ಆಡ್ತಾ ಅವ್ರೆ. ಸಾರಿಗೆ ಉಪ್ಪು ಕಮ್ಮಿ ಆದ್ರೂ ಅದೇ ಮಾತು. ಪದ ಯಾವ್ದು ಹಾಕ್ಬೇಕು ಅಂತ ನಿಮ್ಗೇ ಗೊತ್ತೈತಲ್ಲ.”

ನನ್ನ ಬಳಿ ಸಮಾನಾರ್ಥಕಗಳು ಮುಗಿದಿದ್ದವು.

ಅವಳ ತವರು ಹೊರಕೆರೆದೇವಪುರ. ಮರುವರ್ಷ ಅಲ್ಲಿಗೆ ಹೋದವಳು ನಾಲ್ಕು ದಿನ ತಡಮಾಡಿ ಬಂದಳು. ಅಚ್ಚು ಮುರಿದಿರಲಿಲ್ಲ, ಎತ್ತಿಗೆ ಕಾಲು ನೋವೂ ಇರಲಿಲ್ಲ; ಸುಮ್ಮನೆ ಇರಬೇಕೆನಿಸಿತಂತೆ. ಗಾಡಿಯಿಂದ ಇಳಿದು ನನ್ನ ಮುಖವನ್ನೇ ನೋಡುತ್ತ ನಿಂತಳು. ನಾನು ಗಂಟು ಇಳಿಸಿಕೊಂಡು, “ಊಟಕ್ಕೆ ಬಾ, ಹೊತ್ತಾಯ್ತು” ಎಂದೆ. ಅಂದಿನಿಂದ ಈವರೆಗೆ ಆ ನಾಲ್ಕು ದಿನಗಳ ಮಾತನ್ನು ಒಮ್ಮೆಯೂ ಎತ್ತಿಲ್ಲ. ನಾನು ಜೀವಮಾನದಲ್ಲಿ ಸಾಧಿಸಿದ್ದೇನಾದರೂ ಇದ್ದರೆ ಅದೊಂದೇ.