ಅಕ್ಕ ತೆಗೆದಿಟ್ಟ ಬಳೆಗಳು

ನಮ್ಮ ಟೇಲರ್ ಅಕ್ಕನ ಎಡಗೈ ತೋರುಬೆರಳಿನ ಉಗುರಿನಲ್ಲಿ ಸೂಜಿ ಹೊಕ್ಕ ಕಪ್ಪು ಚುಕ್ಕೆಯೊಂದಿತ್ತು. ಮಣಿಕಟ್ಟು ಬೋಳು. ದಾಂಡೇಲಿಯ ಮಿಲ್ ಹತ್ತಿರದ ನಮ್ಮ ಓಣಿಯಲ್ಲಿ ಬಳೆಯಿಲ್ಲದ ಕೈ ಕಂಡರೆ ಕೇಳದೆ ಬಿಡುವವರುಂಟೇ? "ಮಷೀನಿಗೆ ಅಡ್ಡ ಬರ್ತಾವವ್ವಾ" ಎನ್ನುತ್ತಿದ್ದಳು. ಅವಳಲ್ಲಿ ಹೊಲಿಗೆ ಕಲಿಯುತ್ತಿದ್ದ ನಾನೂ ಅದನ್ನೇ ನಂಬಿದ್ದೆ.

ಮೊದಲು ಹಾಗಿರಲಿಲ್ಲ. ಮುಂಡಗೋಡಿನಿಂದ ಬಂದ ಅಕ್ಕ ಮತ್ತು ಓಣಿಯವರೆಲ್ಲ ಸಿಸ್ಟರ್ ಎನ್ನುತ್ತಿದ್ದ ಹಳಿಯಾಳದ ನರ್ಸ್ ಒಂದೇ ಮನೆಯಲ್ಲಿ ಹದಿನಾರು ವರ್ಷ ಇದ್ದರು. ಇಬ್ಬರಿಗೂ ಮದುವೆಯಾಗಿರಲಿಲ್ಲ. ಪಂಚಮಿಗೆ ಬಳೆಗಾರ ಬಂದರೆ ಇಬ್ಬರೂ ಒಂದೇ ನಮೂನೆಯ ಹಸಿರು ಬಳೆ ಇಡಿಸಿಕೊಳ್ಳುತ್ತಿದ್ದರು. ಸಿಸ್ಟರ್ ಡ್ಯೂಟಿಯಿಂದ ಬರುವವರೆಗೆ ಅಕ್ಕ ಊಟಕ್ಕೆ ಕೂರುತ್ತಿರಲಿಲ್ಲ. "ಜೋಡಿ ಎತ್ತು" ಎಂದು ಓಣಿಯವರು ಚೇಷ್ಟೆ ಮಾಡುತ್ತಿದ್ದರು. ಅದರಾಚೆ ಯಾರೂ ಯೋಚಿಸಲಿಲ್ಲ.

ಸಿಸ್ಟರ್ ಕಾಯಿಲೆ ಬಲಿತಾಗ ಹುಬ್ಬಳ್ಳಿಯ ದವಾಖಾನೆಗೆ ಒಯ್ದರು. ಅಕ್ಕನನ್ನು ಒಳಗೆ ಬಿಡುವ ಮುಂಚೆ ಸಂಬಂಧ ಏನೆಂದು ಅಲ್ಲಿಯವರು ಕೇಳಿದರು. ಏನನ್ನಬೇಕೋ ತಿಳಿಯದೆ ಅಕ್ಕ "ಬಾಜೂ ಮನಿಯಾಕಿ" ಎಂದುಬಿಟ್ಟಳು. ಹೊರಗೇ ಕೂರಿಸಿದರು. ಸಿಸ್ಟರ್ ತೀರಿಕೊಂಡ ಮೇಲೆ ಅವಳ ಅಣ್ಣಂದಿರು ಶವವನ್ನು ನೇರ ಹಳಿಯಾಳಕ್ಕೆ ಒಯ್ದರು. ಅಕ್ಕ ಬಸ್ಸು ಹಿಡಿದು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮರುದಿನದಿಂದ ಅವಳ ಕೈ ಬೋಳು.

ಕೆಲವು ವರ್ಷಗಳ ಮೇಲೆ, ರವಿಕೆ ಸುತ್ತಿಕೊಡಲು ತೆಗೆದ ಪೇಪರಿನ ಸುದ್ದಿಯೊಂದನ್ನು ಗಟ್ಟಿಯಾಗಿ ಓದಿ ನಕ್ಕೆ. ದೂರದ ಯಾವುದೋ ದೇಶದಲ್ಲಿ ಹೆಣ್ಣು ಹೆಣ್ಣನ್ನು ಮದುವೆಯಾಗಬಹುದಂತೆ.

"ಏನ್ ಕಾಲ ಬಂತ್ರೀ! ಹಿಂಗಾದ್ರ ಸಂಸಾರ ಉಳೀತಾವೇನು?" ಎಂದಳು ಹೊಲಿಗೆಗೆ ಬಟ್ಟೆ ಕೊಡಲು ಬಂದ ಹೆಂಗಸು. ನಾನೂ ದನಿಗೂಡಿಸಿದೆ.

ಅಕ್ಕ ಮಷೀನು ನಿಲ್ಲಿಸಿದಳು. "ಲಗ್ನ ಆದ್ರ ದವಾಖಾನ್ಯಾಗ ಒಳಗ ಬಿಡ್ತಾರೇನವ್ವಾ?"

"ಬಿಡಲಾರ್ದ ಏನ್ ಮಾಡ್ತಾರ?" ಎಂದೆ, ನಗುತ್ತಲೇ.

ಅಕ್ಕ ತಲೆ ತಗ್ಗಿಸಿ ಮಣಿಕಟ್ಟು ಸವರಿಕೊಂಡಳು. ಗಂಡ ಸತ್ತರೆ ಹೆಂಡತಿ ಬಳೆ ತೆಗೆಯುವಂತೆ ಇವಳೂ ತೆಗೆದಿದ್ದಾಳೆಂದು ನನಗೆ ಆಗ ಹೊಳೆಯಿತು. ನಾಚಿಕೆಯಿಂದ ಕುಗ್ಗಿಹೋದೆ. ಆದರೂ ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ. ಆಮೇಲೂ ಬರಲಿಲ್ಲ.

ಅಕ್ಕ ತೀರಿಹೋದ ದಿನ ಓಣಿಯ ಹೆಂಗಸರೇ ಮೈತೊಳೆದರು. ಲಗ್ನವಾಗದವಳನ್ನು ಬರಿಗೈಯಲ್ಲಿ ಕಳಿಸಬಾರದೆಂದು ಪಕ್ಕದ ಮನೆಯ ಆಯಿ ಹಸಿರು ಬಳೆ ತಂದಳು. ನಾನು ಆಯಿಯ ಕೈ ಹಿಡಿದೆ.

"ಬ್ಯಾಡ್ರಿ ಆಯಿ. ಅಕ್ಕ ತಾವ ತೆಗದಿಟ್ಟಾರ."

"ಯಾರ ಸಲುವಾಗಿ?"

"ಸಿಸ್ಟರ್ ಸಲುವಾಗಿ."

ಆಯಿ ನನ್ನನ್ನೇ ನೋಡಿದಳು. ಆಮೇಲೆ ಬಳೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಅಕ್ಕ ಇದ್ದಾಗ ನಾನು ಆಡಬೇಕಿದ್ದ ಮಾತು ಅದೊಂದೇ. ಕೇಳಲು ಅವಳಿರಲಿಲ್ಲ.