ಬಚ್ಚಲ ಬಾಗಿಲಾದ ಬೋರ್ಡು

ಸೂಳಗಿರಿಯ ‘ಪಾಪಯ್ಯ ಕಾಫಿ’ಯಲ್ಲಿ ನೆಲ ಒರೆಸಿ ಲೋಟ ತೊಳೆಯುವ ವರಲಕ್ಷ್ಮಮ್ಮನಿಗೆ ಅಂಗಡಿಯ ಚರಿತ್ರೆ ಗೊತ್ತಿತ್ತು ಎನ್ನುವುದಕ್ಕಿಂತ, ಆ ಚರಿತ್ರೆ ಅವಳ ಮನೆಯಲ್ಲೇ ಇತ್ತು ಎನ್ನುವುದು ಸರಿ. ಅಂಗಡಿ ವೇಷ ಬದಲಿಸಿದಾಗಲೆಲ್ಲ ಹಳೆಯದನ್ನು ಹೊರಗೆ ಎಸೆಯುತ್ತಿತ್ತು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊತ್ತು ತರುತ್ತಿದ್ದಳು.

ಮೊದಲಿದ್ದದ್ದು ತಗಡಿನ ಬೋರ್ಡು. ಅದರಲ್ಲಿ ಪಾಪಯ್ಯನವರು ಪೇಟ ಕಟ್ಟಿ, ಲೋಟ ಹಿಡಿದು, ಸ್ಟುಡಿಯೋದಲ್ಲಿ ಉಸಿರು ಬಿಗಿಹಿಡಿದವರಂತೆ ನಿಂತಿದ್ದರು. ಅವರು ತೀರಿಕೊಂಡ ಮೇಲೆ ಮಗನ ಕಾಲಕ್ಕೆ ಫ್ಲೆಕ್ಸು ಬಂತು: ಬಟ್ಟೆ ನೆನೆಸಿದ ಬಕೆಟ್ಟಿನಷ್ಟು ನೊರೆ, ಅದರ ಹಿಂದೆ ಸೂಳಗಿರಿಯಲ್ಲಿ ಯಾರೂ ಕಾಣದ ಹಿಮದ ಬೆಟ್ಟ. ತಗಡು ವರಲಕ್ಷ್ಮಮ್ಮನ ಬಚ್ಚಲಿಗೆ ಬಾಗಿಲಾಯಿತು. ಆಮೇಲೆ ಮೊಮ್ಮಗ ವೇಣು ಹೊಸೂರು, ಕೃಷ್ಣಗಿರಿಗಳಲ್ಲೂ ಅಂಗಡಿ ತೆರೆದ. ಬೆಂಗಳೂರಿನ ಡಿಸೈನರು ಬಂದು, ಕಪ್ಪು ಗೋಡೆಯ ಮೇಲೆ ಒಂದೇ ಒಂದು ಬಿಳಿ ಗೆರೆ ಎಳೆದು, ಇದೇ ಲೋಗೋ ಎಂದರು. ಜನ ಮೊಬೈಲ್ ರಿಪೇರಿ ಅಂಗಡಿಯೆಂದುಕೊಂಡು ಒಡೆದ ಸ್ಕ್ರೀನು ಹಿಡಿದು ಬರತೊಡಗಿದರು. ಹಿಮದ ಬೆಟ್ಟ ಅವಳ ಕೊಟ್ಟಿಗೆಗೆ ಸೂರಾಯಿತು.

ಈಗ ಡಿಸೈನರಿಗೆ ‘ಹೆರಿಟೇಜ್’ ಮೆಟ್ಟಿಕೊಂಡಿತ್ತು. ತಾತನ ಕಾಲದ ಬೋರ್ಡೇ ಬೇಕಂತೆ. ವೇಣು ಕಾರಿನಲ್ಲಿ ಊರಾಚೆಯ ಅವಳ ಮನೆಗೇ ಬಂದ. ಅವಳ ಬಚ್ಚಲು ಮೊದಲು ಹಿತ್ತಲಿನಲ್ಲಿತ್ತು; ಹೆದ್ದಾರಿ ಅಗಲವಾಗಿ ರಸ್ತೆಯೇ ಹಿತ್ತಲಿಗೆ ಬಂದುಬಿಟ್ಟಿತ್ತು.

“ತಾತನ ನೆನಪು ವರಲಕ್ಷ್ಮಮ್ಮ, ಕೊಟ್ಬುಡಿ.”

“ನಿಮ್ ತಾತ ಇಷ್ಟು ವರ್ಷ ರಸ್ತೆ ಕಡೆ ಮೊಕ ಮಾಡ್ಕೊಂಡು ನನ್ ಮಾನ ಕಾದವ್ರೆ ವೇಣಪ್ಪ. ಅವ್ರನ್ನ ಕರ್ಕೊಂಡೋದ್ರೆ ನಾನು ಲಾರಿ ಡ್ರೈವರ್‌ಗಳ ಮುಂದೆ ನೀರುಯ್ಕಳ್ಲಾ?”

ನಾಳೆಯೇ ಹೊಸ ಬಾಗಿಲು ಕಳಿಸುತ್ತೇನೆಂದು ವೇಣು ತಾತನ ಮೇಲೇ ಆಣೆ ಇಟ್ಟು ಬೋರ್ಡು ಒಯ್ದ. ನಾಳೆಗಳು ಬಂದವು, ಬಾಗಿಲು ಬರಲಿಲ್ಲ. ಅವಳು ಸೀರೆ ಕಟ್ಟಿಕೊಂಡಳು, ಮೈಗಲ್ಲ, ಬಚ್ಚಲಿಗೆ. ಲಾರಿ ಹೋದಾಗಲೆಲ್ಲ ಅದು ಹಾರುತ್ತಿತ್ತು. ಅದರ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡೇ ಬೆನ್ನು ಉಜ್ಜಿಕೊಳ್ಳಬೇಕಾಗಿತ್ತು.

ಅಷ್ಟರಲ್ಲಿ ಹೊಸ ಲೋಗೋ ಸಿದ್ಧವಾಯಿತು. ಚಿಲಕಕ್ಕೆಂದು ಅವಳು ಕೊರೆದಿದ್ದ ತೂತು ಪಾಪಯ್ಯನವರ ಲೋಟದ ಮೇಲುಗಡೆ ಇತ್ತು. ಡಿಸೈನರು ಅದನ್ನು ಹುಣ್ಣಿಮೆಯ ಚಂದ್ರನೆಂದು ತಿಳಿದು ಚಿನ್ನದ ಬಣ್ಣ ಕೊಟ್ಟರು. ಕಾಫಿ ಕಪ್ಪುಗಳ ಮೇಲೂ ಕೆಲಸದವರ ಟೋಪಿಗಳ ಮೇಲೂ ಚಿಲಕದ ತೂತು ಝಗಮಗಿಸಿತು. ಅಸಲಿ ತಗಡನ್ನು ಸೂಳಗಿರಿ ಅಂಗಡಿಯ ಗೋಡೆಗೇರಿಸಿ, ದೇವರಿಗೂ ಸಿಗದಷ್ಟು ದೀಪ ಬಿಟ್ಟರು.

ಒಂದು ಭಾನುವಾರ, ಹೊಸೂರಿನಿಂದ ಬಂದ ಒಬ್ಬಾಕೆ ಆ ತಗಡಿನ ಮುಂದೆ ಸೆಲ್ಫಿ ತೆಗೆದು, ಕೆಳಗಿನ ಬಿಳಿ ಕಲೆಗಳನ್ನು ಸವರುತ್ತ, ಎಂಥ ಪುರಾತನ ಕಳೆ ಎಂದು ಗಂಡನಿಗೆ ತೋರಿಸುತ್ತಿದ್ದಳು. ವರಲಕ್ಷ್ಮಮ್ಮ ನೆಲ ಒರೆಸುವ ಕೋಲಿಗೆ ಗದ್ದ ಊರಿದಳು.

“ಅದು ಸೋಪಿನ ಕಲೆ ಕಣಮ್ಮ. ನಮ್ ಬಚ್ಚಲ ಬಾಗಿಲು.”

ಸುತ್ತಲಿನವರ ಲೋಟಗಳು ತುಟಿಯ ಹತ್ತಿರವೇ ನಿಂತವು. ವೇಣು ಅಗತ್ಯಕ್ಕಿಂತ ಜೋರಾಗಿ ನಗುತ್ತ ಬಂದು ಅವಳನ್ನು ಅಡುಗೆಮನೆಗೆ ಎಳೆದೊಯ್ದ. ಬಾಗಿಲು ಬರುವವರೆಗೂ ಬಂದವರಿಗೆಲ್ಲ ಹೀಗೇ ವಿವರಿಸುವುದಾಗಿ ಅವಳು ತಣ್ಣಗೆ ತಿಳಿಸಿದಳು.

ಸಂಜೆಯೇ ಬಾಗಿಲು ಬಂತು. ಕೃಷ್ಣಗಿರಿ ಅಂಗಡಿಗೆ ಮಾಡಿಸಿ, ಅಳತೆ ತಪ್ಪಿ ಉಳಿದಿದ್ದ ಗಾಜಿನ ಬಾಗಿಲು! ನಡುವೆ ಪಾಪಯ್ಯನವರೂ ಚಂದ್ರನೂ ಇದ್ದರು. ಬಾಗಿಲು ಮಾಡಬೇಕಾದ ಕೆಲಸವನ್ನೆಲ್ಲ ಅದು ಮಾಡುತ್ತಿತ್ತು, ಮರೆ ಮಾಡುವುದೊಂದನ್ನು ಬಿಟ್ಟು. ಅವಳು ಅದರ ಒಳಮೈಗೆ ಗಟ್ಟಿಯಾಗಿ ಸುಣ್ಣ ಬಳಿದಳು. ಬಿಳಿಯ ಮೇಲೆ ಲೋಗೋ ಹೆದ್ದಾರಿಯುದ್ದಕ್ಕೂ ಎದ್ದು ಕಂಡಿತು.

ಬೆಳಿಗ್ಗೆ ಸೀರೆ ಕಚ್ಚದೆ, ಬಾಯಿತುಂಬ ಹಾಡಿಕೊಂಡು ಮೊದಲ ಚೊಂಬು ಹೊಯ್ದುಕೊಂಡಿದ್ದಳಷ್ಟೇ. ಯಾರೋ ಬೈಕು ನಿಲ್ಲಿಸಿ, ಬಾಗಿಲು ತಟ್ಟಿ, ಎರಡು ಫಿಲ್ಟರ್ ಕಾಫಿ ಬೇಕೆಂದು ಕೂಗಿದರು.

“ಇಲ್ಲಿ ನೀರು ಮಾತ್ರ ಕಾದೈತೆ ಕಣಪ್ಪ,” ಎಂದಳು ವರಲಕ್ಷ್ಮಮ್ಮ ಒಳಗಿಂದ. “ಕಾಫಿ ಬೇಕಂದ್ರೆ ಸೂಳಗಿರಿಗೋಗು. ನಾನೂ ಮೈ ಒರ್ಸ್ಕೊಂಡು ಅಲ್ಲಿಗೇ ಬತ್ತೀನಿ.”